ಸ್ಟುಡಿಯೋನೇ ಇಲ್ಲದ ಸ್ಟುಡಿಯೋ ಆಲ್ಬಂ

ಡಾರ್ಕ್‌ಥ್ರೋನ್ ಬ್ಯಾಂಡಿನ ಟ್ರಾನ್ಸಿಲ್ವೇನಿಯನ್ ಹಂಗರ್ ಅನ್ನೋ ಆಲ್ಬಂ ಬಗ್ಗೆ ಬರೀಬೇಕು ಅಂತ ಯಾವಾಗಿಂದಲೋ ಅಂದ್ಕೊಂಡಿದ್ದೆ. ಇವತ್ತು ಪುನರ್ವಸು ಮಳೆ ಜಡಿ ಹಿಡ್ದು ಕೂತಿದೆ, ಮೂಡಿಗೆರೆ ಕಡೆ ಮಳೆಗಾಲ ಅಂದ್ರೆ ಗೊತ್ತಲ್ಲ, ಕರೆಂಟ್ ಹೋದ್ರೆ ಲೈನ್‌ಮ್ಯಾನ್ ಬರೋ ತನಕ ದೇವರೇ ಗತಿ, ತೋಟಕ್ಕೆ ಇಳಿದ್ರೆ ಇಂಬಳ, ಹಂಗಾಗಿ ಲ್ಯಾಪ್‌ಟಾಪ್ ಬ್ಯಾಟರಿ ಇರೋವರೆಗೂ ಕೂತು ಬರ್ದು ಹಾಕ್ತೀನಿ. ಮೆಟಲ್ ಅನ್ನೋ ಜೋರು ಗಿಟಾರಿನ ರಾಕ್ ಸಂಗೀತ ಕೇಳ್ದೇ ಇರೋರು ಕೂಡ ಓದ್ಬೋದು, ಹೆದರ್ಬೇಡಿ.

1994ರ ಫೆಬ್ರವರಿಯಲ್ಲಿ ಬಂದ ಆಲ್ಬಂ ಇದು. ಎಂಟು ಹಾಡು, ಒಟ್ಟು 39 ನಿಮಿಷ. ನಾರ್ವೆ ದೇಶದ ಓಸ್ಲೋ ಪಕ್ಕದಲ್ಲಿ ಕೋಲ್ಬೋಟ್ನ್ ಅಂತ ಒಂದು ಸಣ್ಣ ಊರಿದೆ, ಅಲ್ಲಿನ ಹುಡುಗರು. ಬ್ಲ್ಯಾಕ್ ಮೆಟಲ್ ಅನ್ನೋ ಹೆಸರು ಇಂಗ್ಲೆಂಡಿನ ವೆನಮ್ ಬ್ಯಾಂಡು 1982ರಲ್ಲಿ ಮಾಡಿದ ಆಲ್ಬಂನಿಂದ ಬಂದಿದ್ದು, ಆದ್ರೆ ಇವತ್ತು ನಾವು ಬ್ಲ್ಯಾಕ್ ಮೆಟಲ್ ಅಂದಾಗ ಕಿವಿಗೆ ಬರೋ ಸೌಂಡ್ ಇದ್ಯಲ್ಲ, ಕಿರುಚೋ ಗಂಟಲು, ಜೇನುಹುಳದ ಥರ ಗುಂಯ್‌ಗುಡೋ ಗಿಟಾರು, ನಿಲ್ಲದೇ ಓಡೋ ಡ್ರಮ್ಸು, ಅದನ್ನ ಗಟ್ಟಿ ಮಾಡಿದ್ದು ತೊಂಬತ್ತರ ದಶಕದ ಶುರುವಲ್ಲಿ ನಾರ್ವೆಯ ಒಂದಷ್ಟು ಹದಿನೆಂಟು ಇಪ್ಪತ್ತರ ಹುಡುಗರು. ಮೇಹೆಮ್, ಬುರ್ಜುಮ್, ಇಮ್ಮಾರ್ಟಲ್, ಎಂಪರರ್, ಮತ್ತೆ ಇವರು.

ನಾನು ಇದನ್ನ ಮೊದಲು ಕೇಳಿದ್ದು ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ, ಸೀನಿಯರ್ ಒಬ್ಬ ಪೆನ್‌ಡ್ರೈವಲ್ಲಿ ತುಂಬಿಸಿ ಕೊಟ್ಟಿದ್ದ. ರೂಮ್‌ಮೇಟ್ ಅರಕಲಗೂಡಿನವನು, ಒಂದು ನಿಮಿಷ ಕೇಳಿ, "ಏನ್ ಮಗಾ ಇದು, ರೇಡಿಯೋಲಿ ಸ್ಟೇಷನ್ ಸಿಗ್ತಿಲ್ವಾ" ಅಂದ. ಊರಿಗೆ ಬಂದಾಗ ಅಮ್ಮ ಕವರ್ ಫೋಟೋ ನೋಡಿದ್ರು, ಕಪ್ಪು ಬಿಳುಪು ಫೋಟೋ, ಮುಖಕ್ಕೆ ಬಣ್ಣ ಬಳ್ಕೊಂಡು ಕೈಯಲ್ಲಿ ಮೇಣದಬತ್ತಿ ಸ್ಟ್ಯಾಂಡ್ ಹಿಡ್ಕೊಂಡು ಬಾಯಿ ತೆರ್ದು ನಿಂತಿರೋನು. "ವೇಷ ಪರವಾಗಿಲ್ಲ, ಯಾವ ಮೇಳ?" ಅಂತ ಕೇಳಿದ್ರು.

ಅಮ್ಮನ ಪ್ರಶ್ನೆಗೆ ಉತ್ತರ ಸುಲಭ. ರೂಮ್‌ಮೇಟ್ ಹೇಳಿದ್ದಕ್ಕೆ ಮಾತ್ರ ಉದ್ದ ಉತ್ತರ ಬೇಕು, ಯಾಕಂದ್ರೆ ಈ ಆಲ್ಬಂ ಬಗ್ಗೆ ಎಲ್ರೂ ಎತ್ತೋ ತಕರಾರು ಅದೊಂದೇ, ರೆಕಾರ್ಡಿಂಗ್ ಗಬ್ಬು ಅನ್ನೋದು. ಪಾಪ ದುಡ್ಡಿರ್ಲಿಲ್ವೇನೋ, ಹುಡುಗರು, ಗೊತ್ತಾಗ್ಲಿಲ್ವೇನೋ ಅಂತ ಕನಿಕರ ತೋರ್ಸೋರೂ ಇದ್ದಾರೆ. ದುಡ್ಡಿಲ್ಲ ಅಂತ ಹಂಗಾಗಿದ್ದಲ್ಲ ಮಾರಾಯ್ರೇ, ಬೇಕು ಅಂತಲೇ ಹಂಗೆ ಮಾಡಿದ್ದು. ಚೆನ್ನಾಗಿ ರೆಕಾರ್ಡ್ ಮಾಡಿದ್ರೆ ಈ ಆಲ್ಬಂ ಇವತ್ತು ಯಾರ ನೆನಪಲ್ಲೂ ಇರ್ತಿರ್ಲಿಲ್ಲ ಅನ್ನೋದು ನನ್ನ ವಾದ.

ಇವರ ಹಿಂದಿನ ಕಥೆ ಗೊತ್ತಿದ್ರೆ ಇದು ಇನ್ನೂ ಕ್ಲಿಯರ್ ಆಗುತ್ತೆ. ಡಾರ್ಕ್‌ಥ್ರೋನ್ ಶುರುವಾಗಿದ್ದು ಡೆತ್ ಮೆಟಲ್ ಬ್ಯಾಂಡಾಗಿ, ಅಂದ್ರೆ ಗೊಗ್ಗರು ಗಂಟಲು, ದಪ್ಪ ಗಿಟಾರಿನ ಇನ್ನೊಂದು ಥರ ಮೆಟಲ್. ಇಂಗ್ಲೆಂಡಿನ ಪೀಸ್‌ವಿಲ್ ಅನ್ನೋ ರೆಕಾರ್ಡ್ ಕಂಪನಿ ಇವರನ್ನ ನಾಲ್ಕು ಆಲ್ಬಂಗೆ ಸೈನ್ ಮಾಡ್ಕೊಂಡ್ತು, ಮೊದಲನೇದು ಸೋಲ್‌ಸೈಡ್ ಜರ್ನಿ. ಅದನ್ನ 1990ರಲ್ಲಿ ರೆಕಾರ್ಡ್ ಮಾಡಿದ್ದು ಎಲ್ಲಿ ಅಂದ್ರೆ ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ, ಡೆತ್ ಮೆಟಲ್ ಮಾಡೋರಿಗೆ ಆಗ ಅದು ಕಾಶಿ ಇದ್ದಂಗೆ. ಆ ಆಲ್ಬಂ ಕೇಳಿ, ತಾಳ ಬದಲಾಗುತ್ತೆ, ರಿಫ್ (ಗಿಟಾರಲ್ಲಿ ಮತ್ತೆ ಮತ್ತೆ ಬರೋ ಸಣ್ಣ ಸ್ವರಗುಚ್ಛ) ಮೇಲೆ ರಿಫ್ ಬರುತ್ತೆ, ನುಡಿಸೋದ್ರಲ್ಲಿ ಒಬ್ರೂ ಕಮ್ಮಿ ಇಲ್ಲ. ಅಂದ್ರೆ ಒಳ್ಳೇ ಸ್ಟುಡಿಯೋ ಹೆಂಗಿರುತ್ತೆ, ಒಳ್ಳೇ ಸೌಂಡ್ ಅಂದ್ರೆ ಏನು ಅಂತ ಇವರಿಗೆ ಚೆನ್ನಾಗೇ ಗೊತ್ತಿತ್ತು, ನೋಡಿ ಬಂದಿದ್ರು, ಬೇಡ ಅಂದ್ರು ಅಷ್ಟೇ.

ಎರಡನೇ ಆಲ್ಬಂ ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ 1992ರಲ್ಲಿ ಬಂತು. ಡೆತ್ ಮೆಟಲ್ ಕೊಡ್ತಾರೆ ಅಂತ ಕಾಯ್ತಿದ್ದ ಕಂಪನಿಗೆ ಇವರು ತಣ್ಣಗೆ ಬ್ಲ್ಯಾಕ್ ಮೆಟಲ್ ಕಳ್ಸಿದ್ರು. ಗಿಟಾರ್ ಸೌಂಡ್ ತೆಳ್ಳಗಾಯ್ತು, ರೀಮಿಕ್ಸ್ ಮಾಡ್ಬೇಕು ಅಂತ ಕಂಪನಿಯವರು ಪಟ್ಟು ಹಿಡಿದ್ರೆ, ಇವರು ಹಂಗಾದ್ರೆ ಓಸ್ಲೋದಲ್ಲೇ ಮೇಹೆಮ್‌ನ ಯೂರೋನಿಮಸ್ ಒಂದು ಸಣ್ಣ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ, ನಡೆಸ್ತಾನೆ, ಅವನಿಗೇ ಕೊಡ್ತೀವಿ ಅಂದ್ರು. ಕಂಪನಿ ಬಗ್ತು. ಬೇಸ್ ನುಡಿಸ್ತಿದ್ದವನಿಗೆ ಈ ಹೊಸ ದಾರಿ ಸರಿ ಹೋಗದೆ ಬ್ಯಾಂಡ್ ಬಿಟ್ಟ, ಆದ್ರೂ ಆ ಆಲ್ಬಂಗೆ ತನ್ನ ಪಾಲು ನುಡಿಸಿಕೊಟ್ಟೇ ಹೋದ, ಮರ್ಯಾದಸ್ಥ. ಮೂರನೇದು ಅಂಡರ್ ಎ ಫ್ಯುನೆರಲ್ ಮೂನ್, 1993. ಅದಾದ್ಮೇಲೆ ಇನ್ನೊಬ್ಬ ಗಿಟಾರಿಸ್ಟ್ ಜೆಫಿರಸ್ ಕೂಡ ಹೋದ. ಉಳಿದೋರು ಇಬ್ರು, ಫೆನ್ರಿಜ್ ಮತ್ತೆ ನಾಕ್ಟರ್ನೊ ಕಲ್ಟೊ.

ಇಬ್ರೇ ಉಳಿದಾಗ ಏನ್ ಮಾಡಿದ್ರು ಅಂದ್ರೆ, ಸ್ಟುಡಿಯೋ ಸಹವಾಸವೇ ಬೇಡ ಅಂತ ಫೆನ್ರಿಜ್ ತನ್ನ ಹತ್ರ ಇದ್ದ ಒಂದು ಫೋರ್ ಟ್ರ್ಯಾಕ್ ರೆಕಾರ್ಡರ್‌ಗೆ ನೆಕ್ರೋಹೆಲ್ ಸ್ಟುಡಿಯೋ ಅಂತ ದೊಡ್ಡ ಹೆಸರಿಟ್ಟು ಅದರಲ್ಲೇ ಇಡೀ ಆಲ್ಬಂ ಮುಗ್ಸಿದ. ಡ್ರಮ್ಸ್ ಅವನದ್ದೇ, ಗಿಟಾರ್ ಅವನದ್ದೇ, ಬೇಸ್ ಅವನದ್ದೇ. ನಾಕ್ಟರ್ನೊ ಕಲ್ಟೊ ಗಂಟಲು ಮಾತ್ರ ಕೊಟ್ಟ. 1993ರ ಕೊನೇ ತಿಂಗಳುಗಳಲ್ಲಿ ನಡೆದ ಕೆಲಸ ಇದು.

ಫೋರ್ ಟ್ರ್ಯಾಕ್ ಅಂದ್ರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿರಲ್ಲ, ಮನೇಲಿ ಯಕ್ಷಗಾನದ ಕ್ಯಾಸೆಟ್ ಇಟ್ಕೊಂಡಿದ್ದೋರಿಗೆ ಬೇಗ ಅರ್ಥ ಆಗುತ್ತೆ. ಕ್ಯಾಸೆಟ್ ಒಳಗಿನ ಟೇಪ್ ಅಗಲ ನಾಲ್ಕು ಮಿಲಿಮೀಟರ್ ಕೂಡ ಇಲ್ಲ, ಅಷ್ಟರಲ್ಲೇ ಉದ್ದಕ್ಕೆ ನಾಲ್ಕು ಗೆರೆ, ಎ ಸೈಡಿಗೆ ಎಡ ಬಲ ಅಂತ ಎರಡು, ಕ್ಯಾಸೆಟ್ ತಿರುಗಿಸಿ ಹಾಕಿದಾಗ ಬಿ ಸೈಡಿಗೆ ಇನ್ನೆರಡು. ಫೋರ್ ಟ್ರ್ಯಾಕ್ ಮಿಷನ್ನು ಈ ನಾಲ್ಕೂ ಗೆರೆನ ಒಂದೇ ದಿಕ್ಕಲ್ಲಿ ಬಳಸುತ್ತೆ. ಒಂದು ಗೆರೆಗೆ ಡ್ರಮ್ಸು, ಇನ್ನೊಂದಕ್ಕೆ ಗಿಟಾರು, ಹಿಂಗೆ ಒಬ್ಬನೇ ಮನುಷ್ಯ ಒಂದಾದ್ಮೇಲೊಂದು ನುಡಿಸ್ಕೊಂಡು ಹೋಗ್ಬೋದು, ಹಿಂದಿನದನ್ನ ಹೆಡ್‌ಫೋನಲ್ಲಿ ಕೇಳ್ತಾ ಮುಂದಿನದನ್ನ ನುಡಿಸೋದು. ಆ ಥರ ಮಾಡಿದ ಕ್ಯಾಸೆಟ್ಟನ್ನ ಮನೆ ಟೇಪ್ ರೆಕಾರ್ಡರ್‌ಗೆ ಹಾಕಿದ್ರೆ ಎರಡು ಗೆರೆ ಸರಿಯಾಗಿ ಬರುತ್ತೆ, ತಿರುಗಿಸಿ ಹಾಕಿದ್ರೆ ಉಳಿದೆರಡು ಉಲ್ಟಾ ಓಡುತ್ತೆ, ಅದೇ ಒಂದು ಮಜಾ. ದೊಡ್ಡ ಸ್ಟುಡಿಯೋದಲ್ಲಿ ಡ್ರಮ್ಸ್ ಒಂದಕ್ಕೇ ಏಳೆಂಟು ಮೈಕ್ ಇಟ್ಟು ಒಂದೊಂದಕ್ಕೂ ಬೇರೆ ಬೇರೆ ಟ್ರ್ಯಾಕ್ ಕೊಡ್ತಾರೆ. ಇಲ್ಲಿ ಇರೋದೇ ನಾಲ್ಕು. ಟೇಪಿನ ಸುಯ್ ಅನ್ನೋ ಸದ್ದು ಬಿಟ್ಟಿ.

ಅದೇ ಸಮಯದಲ್ಲಿ ಉಳಿದವರು ಏನ್ ಮಾಡ್ತಿದ್ರು ನೋಡಿ. ಬರ್ಗನ್ ಊರಲ್ಲಿ ಗ್ರೀಗ್‌ಹಾಲೆನ್ ಅಂತ ದೊಡ್ಡ ಸಂಗೀತ ಸಭಾಂಗಣ ಇದೆ, ಎಡ್ವರ್ಡ್ ಗ್ರೀಗ್ ಅನ್ನೋ ಅವರ ದೊಡ್ಡ ಸಂಗೀತಗಾರನ ಹೆಸರಲ್ಲಿ ಕಟ್ಟಿದ್ದು, ಆ ಊರಿನ ಆರ್ಕೆಸ್ಟ್ರಾಗೆ ಅದೇ ಮನೆ. ಅಲ್ಲಿ ಪಿಟ್ಟನ್ ಅಂತ ಕರೆಯೋ ಸೌಂಡ್ ಇಂಜಿನಿಯರ್ ಕೈಲಿ ಮೇಹೆಮ್, ಎಂಪರರ್, ಇಮ್ಮಾರ್ಟಲ್ ಎಲ್ಲ ರೆಕಾರ್ಡ್ ಮಾಡಿದ್ರು. ಎಂಪರರ್‌ನ ಮೊದಲ ಫುಲ್ ಆಲ್ಬಂ ಕೂಡ 1994ರದ್ದೇ, ಕೀಬೋರ್ಡು ಗೀಬೋರ್ಡು ಎಲ್ಲ ಹಾಕಿ ಅರಮನೆ ಕಟ್ಟಿದಂಗೆ ಕಟ್ಟಿದ್ದಾರೆ, ನಂಗೂ ಇಷ್ಟ, ಸುಳ್ಳು ಹೇಳಲ್ಲ. ಆದ್ರೆ ಫೆನ್ರಿಜ್ ಇರೋದನ್ನೆಲ್ಲ ಕಿತ್ತು ಹಾಕ್ತಾ ಹೋದ. ಸೋಲೋ ಇಲ್ಲ. ಕೀಬೋರ್ಡ್ ಇಲ್ಲ. ಡ್ರಮ್ಸಲ್ಲಿ ರೋಲಿಂಗ್ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಸುಮಾರು ಇಡೀ ಆಲ್ಬಂ ಒಂದೇ ವೇಗ.

ಈಗ ಟೈಟಲ್ ಸಾಂಗಿಗೆ ಬರೋಣ, ಅದೇ ಮೊದಲನೇದು, ಆರು ನಿಮಿಷ ಚಿಲ್ಲರೆ. ಪೀಠಿಕೆ ಗೀಠಿಕೆ ಏನಿಲ್ಲ, ಸೀದಾ ರಿಫ್. ಕೆಲವೇ ಕೆಲವು ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಅದೂ ದುಃಖದ ಛಾಯೆಯ ಮೈನರ್, ಪಿಕ್ ಮೇಲೆ ಕೆಳಗೆ ಮೇಲೆ ಕೆಳಗೆ ಬಿಡುವಿಲ್ದೇ ಹೊಡೀತಾನೆ, ಟ್ರೆಮೊಲೊ ಪಿಕಿಂಗ್ ಅಂತಾರೆ. ಹಿಂಗೆ ಹೊಡೆದಾಗ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಲ್ಲ, ಎಲ್ಲ ಸೇರಿ ಒಂದು ಉದ್ದ ಎಳೆದ ಸ್ವರ ಆಗುತ್ತೆ, ಪಿಟೀಲಲ್ಲಿ ಕಮಾನು ಎಳೆದಂಗೆ. ಕೆಳಗೆ ಡ್ರಮ್ಸ್ ಪ್ರಾಣ ಹೋಗೋ ಸ್ಪೀಡಲ್ಲಿ ಓಡ್ತಿದೆ, ಆದ್ರೆ ಅದರ ಮೇಲಿನ ರಾಗ ನಿಧಾನ, ತುಂಬಾ ನಿಧಾನ, ಬದಲಾಗೋಕೆ ಮನಸ್ಸೇ ಇಲ್ಲ ಅನ್ನೋ ಥರ. ಮೊದಲ ಎರಡು ನಿಮಿಷ ಬರೀ ಗಲಾಟೆ ಅನ್ಸುತ್ತೆ. ಆಮೇಲೆ ಕಿವಿ ಡ್ರಮ್ಸನ್ನ ಬಿಟ್ಟುಬಿಡುತ್ತೆ, ಸುಯ್ ಅನ್ನೋದನ್ನೂ ಬಿಡುತ್ತೆ, ಆ ರಾಗ ಒಂದೇ ಉಳಿಯುತ್ತೆ, ಅದು ಎಷ್ಟು ದುಃಖದ್ದು ಅಂತ ಆವಾಗ ಗೊತ್ತಾಗುತ್ತೆ.

ನಮ್ಮ ಕಡೆಯವರಿಗೆ ಇದನ್ನ ಹೆಂಗೆ ಹೇಳೋದು ಅಂದ್ರೆ, ಕೊಯ್ಲು ಟೈಮಲ್ಲಿ ರಾತ್ರಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಓಡ್ತಿರುತ್ತಲ್ಲ, ಪಕ್ಕದಲ್ಲಿ ನಿಂತು ಹಣ್ಣು ಸುರೀತಾ ಒಂದರ್ಧ ಗಂಟೆ ಆದ್ಮೇಲೆ ಆ ಮೋಟರ್ ಸದ್ದಿನೊಳಗೆ ಯಾರೋ ಹಾಡ್ತಿದ್ದಾರೆ ಅನ್ಸೋಕೆ ಶುರುವಾಗುತ್ತೆ. ನಮ್ಮಲ್ಲಿ ಕೆಲಸಕ್ಕೆ ಬರೋ ಒಬ್ರು ಅದಕ್ಕೆ ಸರಿಯಾಗಿ ಗುನುಗ್ತಾರೆ ಕೂಡ. ಸದ್ದು ಒಂದೇ ಸಮನೆ ಇದ್ದಾಗ ತಲೆ ತಾನಾಗೇ ಅದರೊಳಗೆ ಹುಡುಕೋಕೆ ಹೋಗುತ್ತೆ. ಫೆನ್ರಿಜ್ ಮಾಡಿರೋದು ಅಷ್ಟೇ, ಆದ್ರೆ ಅವನು ಒಳಗೆ ನಿಜವಾಗ್ಲೂ ಒಂದು ಹಾಡು ಇಟ್ಟಿದ್ದಾನೆ.

ಅದಕ್ಕೇ ಹೇಳಿದ್ದು ಸೌಂಡ್ ತೆಳ್ಳಗಿರೋದು ಸರಿ ಅಂತ. ಇದೇ ರಿಫ್ಫನ್ನ ಈಗಿನ ಥರ ದಪ್ಪ ಗಿಟಾರು, ಎದೆಗೆ ಗುದ್ದೋ ಬೇಸ್ ಡ್ರಮ್ ಹಾಕಿ ರೆಕಾರ್ಡ್ ಮಾಡಿದ್ರೆ ಏನಾಗುತ್ತೆ, ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುತ್ತೆ, ಗಮನ ಎಲ್ಲ ಪೆಟ್ಟಿನ ಕಡೆ, ಎಷ್ಟು ಫಾಸ್ಟ್ ಬಾರಿಸ್ತಾನಪ್ಪ ಅನ್ನೋ ಕಡೆ ಹೋಗುತ್ತೆ, ಜಿಮ್ಮಲ್ಲಿ ಹಾಕೋ ಮ್ಯೂಸಿಕ್ ಆಗುತ್ತೆ. ಇದನ್ನ ಕವರ್ ಮಾಡಿರೋ ಬ್ಯಾಂಡುಗಳು ಯೂಟ್ಯೂಬಲ್ಲಿ ಬೇಕಾದಷ್ಟಿವೆ, ಕ್ಲೀನಾಗಿ ನುಡಿಸಿದಷ್ಟೂ ಬೋರು. ಇನ್ನೊಂದೇನಂದ್ರೆ ಫೆನ್ರಿಜ್ ಮೂಲತಃ ಡ್ರಮ್ಮರ್, ಗಿಟಾರ್ ಅವನಿಗೆ ಎರಡನೇದು, ಹಂಗಾಗಿ ಬೆರಳು ಚಳಕ ತೋರಿಸೋ ಆಸೆನೇ ಅವನಿಗಿಲ್ಲ, ಇದ್ದಿದ್ರೆ ಈ ರಿಫ್ ಹುಟ್ತಿರ್ಲಿಲ್ಲ.

ಉಳಿದ ಹಾಡು ಬೇಗ ಹೇಳ್ತೀನಿ. ಎರಡನೇದು ಓವರ್ ಫ್ಯೆಲ್, ಎರಡೂವರೆ ನಿಮಿಷ, ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ಸ್ಲಾಟೆಟ್ ಈ ದೆ ಫ್ಯೆರ್ನೆ, ದೂರದ ಕೋಟೆ ಅಂತ, ಇದು ನನ್ನ ಫೇವರಿಟ್, ಮಂಜರಾಬಾದ್ ಕೋಟೆಯಲ್ಲಿ ಕುಳಿರ್ಗಾಳಿ ಹೊಡೀವಾಗ ಇಯರ್‌ಫೋನ್ ಹಾಕ್ಕೊಂಡು ಕೇಳಿ ನೋಡಿ, ಆದ್ರೆ ವೀಕೆಂಡ್ ಬೇಡ, ಬೆಂಗಳೂರಿಂದ ಬಂದು ರೀಲ್ಸ್ ಮಾಡೋರ ಮಧ್ಯೆ ಏನೂ ಆಗಲ್ಲ. ಆರನೇ ಹಾಡಿನ ಹೆಸರಲ್ಲಿ ಒಂದು ಸಭಾಂಗಣ, ಹಂದಿ ಮಾಂಸ, ಜೇನಿನ ಹೆಂಡ ಎಲ್ಲ ಬರುತ್ತೆ, ಮೂಡಿಗೆರೆ ಸಕಲೇಶಪುರದವರಿಗೆ ಬೇರೆ ವಿವರಣೆ ಬೇಕಾಗಿಲ್ಲ ಅಂದ್ಕೋತೀನಿ. ಮಧ್ಯದ ಎರಡು ಹಾಡು ನಂಗೆ ಈಗ್ಲೂ ಒಂದೇ ಥರ ಕೇಳ್ಸುತ್ತೆ, ಅದನ್ನ ಡಿಫೆಂಡ್ ಮಾಡೋಕೆ ಹೋಗಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಆಲ್ಬಂನ ಕೊಳಕನ್ನೂ ಹೇಳ್ಬೇಕು, ಎಷ್ಟೋ ಜನ ಮ್ಯೂಸಿಕ್ ಬೇರೆ ಅದು ಬೇರೆ ಅಂತ ಹಾರಿಸಿಬಿಡ್ತಾರೆ. ಎಂಟರಲ್ಲಿ ಕೊನೇ ನಾಲ್ಕು ಹಾಡಿಗೆ ಸಾಹಿತ್ಯ ಬರೆದವನು ಬುರ್ಜುಮ್‌ನ ವರ್ಗ್ ವಿಕರ್ನೆಸ್. ಅವನು 1993ರ ಆಗಸ್ಟಲ್ಲಿ ಯೂರೋನಿಮಸ್‌ನ ಚಾಕು ಹಾಕಿ ಕೊಂದ, ಹೌದು, ಮೇಲೆ ಹೇಳಿದ ಲೇಬಲ್ ಯೂರೋನಿಮಸ್ಸೇ. ಆಲ್ಬಂ ಬಂದಾಗ ವರ್ಗ್ ಜೈಲಲ್ಲಿದ್ದ, ಮೂರು ತಿಂಗಳಾದ್ಮೇಲೆ ಕೊಲೆಗೂ ಚರ್ಚ್‌ಗಳಿಗೆ ಬೆಂಕಿ ಹಾಕಿದ್ದಕ್ಕೂ ಸೇರಿ 21 ವರ್ಷ ಶಿಕ್ಷೆ ಆಯ್ತು. ನಾರ್ವೆಯಲ್ಲಿ ಆ ಎರಡು ಮೂರು ವರ್ಷ ನೂರಾರು ವರ್ಷ ಹಳೇ ಮರದ ಚರ್ಚುಗಳನ್ನ ಸುಟ್ಟು ಹಾಕಿದ್ರು ಈ ಗುಂಪಿನ ಹುಡುಗರು. ನಮ್ಮ ಬೇಲೂರು ಹಳೇಬೀಡನ್ನ ಯಾರೋ ಹತ್ತೊಂಬತ್ತರ ಹುಡುಗ ಫೋಟೋಗೋಸ್ಕರ ಹಾಳು ಮಾಡಿದ್ರೆ ನಮಗೆ ಹೆಂಗಾಗುತ್ತೆ? ಏಳನೇ ಹಾಡಿನ ಕೊನೆಯಲ್ಲಿ ಉಲ್ಟಾ ಮಾತೊಂದಿದೆ, ಸರಿ ತಿರುಗಿಸಿ ಕೇಳಿದ್ರೆ ಚರ್ಚುಗಳು ಉರೀಲಿ ಅಂತಲೇ ಹೇಳೋದು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೊದಲ ಪ್ರತಿಗಳ ಹಿಂದೆ ನಾರ್ವೇಜಿಯನ್ ಆರ್ಯನ್ ಬ್ಲ್ಯಾಕ್ ಮೆಟಲ್ ಅಂತ ಹಾಕಿದ್ರು. ಜೊತೆಗೆ ಕೊಟ್ಟ ಪ್ರೆಸ್ ಹೇಳಿಕೆಯಲ್ಲಿ, ಈ ಆಲ್ಬಂನ ಟೀಕೆ ಮಾಡೋರನ್ನ ಯಹೂದಿಗಳ ಹೆಸರೆತ್ತಿ ಬೈದಿದ್ರು. ಗಲಾಟೆ ಆಯ್ತು, ಆಗಲೇ ಬೇಕಿತ್ತು. ಆಮೇಲೆ ಬ್ಯಾಂಡ್ ಕ್ಷಮೆ ಕೇಳ್ತು, ನಮ್ಮ ಕಡೆ ಹುಡುಗರು ಆ ಪದನ ಸುಮ್ನೆ ಬೈಗುಳದ ಥರ ಬಳಸ್ತಾರೆ ಅಂತ ಒಂದು ಸಮಜಾಯಿಷಿ ಬೇರೆ. ಯಾವುದೋ ಸಮುದಾಯದ ಹೆಸರು ಸುಮ್ನೆ ಬೈಗುಳ ಆಗೋದು ಹೆಂಗೆ ಅಂತ ನಮ್ಮೂರಲ್ಲಿ ಹುಟ್ಟಿ ಬೆಳೆದೋರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅದು ಸಮಜಾಯಿಷಿ ಅಲ್ಲ, ತಪ್ಪೊಪ್ಪಿಗೆ. 1995ರಲ್ಲಿ ಬೇರೆ ಕಂಪನಿಯಿಂದ ಪಾಂಜರ್‌ಫೌಸ್ಟ್ ಅನ್ನೋ ಮುಂದಿನ ಆಲ್ಬಂ ಬಂದಾಗ ಅದರಲ್ಲಿ ನಾವು ನಾಜಿ ಬ್ಯಾಂಡೂ ಅಲ್ಲ ಪೊಲಿಟಿಕಲ್ ಬ್ಯಾಂಡೂ ಅಲ್ಲ ಅಂತ ಪ್ರಿಂಟ್ ಹಾಕಿದ್ರು, ಜೊತೆಗೆ ಇಲ್ಲಿ ಬರೆಯೋಕಾಗದ ಒಂದು ಬೈಗುಳ. ಆ ಆರ್ಯನ್ ಅನ್ನೋ ಲೆಕ್ಕದಲ್ಲಿ ನನ್ನಂಥ ಕಪ್ಪು ಹುಡುಗ ಕಾಫಿ ತೋಟದಲ್ಲಿ ಕೂತು ಈ ಹಾಡು ಕೇಳೋ ಹಂಗೇ ಇಲ್ಲ. ಕೇಳ್ತೀನಿ. ಆದ್ರೆ ಕ್ಯಾಸೆಟ್ ಹಿಂದೆ ಏನಿತ್ತು ಅಂತ ಗೊತ್ತಿದ್ದು ಕೇಳ್ತೀನಿ, ಆ ಕೊನೇ ನಾಲ್ಕು ಹಾಡು ಬಂದಾಗ ಒಂದು ಸಣ್ಣ ಮುಜುಗರ ಇದ್ದೇ ಇರುತ್ತೆ, ಅದು ಹೋಗೋದೂ ಬೇಡ.

ಫೆನ್ರಿಜ್ ಆಮೇಲೆ ಏನಾದ ಅನ್ನೋದು ಇನ್ನೊಂದು ಕಥೆ. ವರ್ಷಾನುಗಟ್ಟಲೆ ಪೋಸ್ಟಲ್ ಡಿಪಾರ್ಟ್‌ಮೆಂಟಲ್ಲಿ ಕೆಲಸ ಮಾಡಿದ. 1996ರ ಮೇಲೆ ಬ್ಯಾಂಡಾಗಿ ಸ್ಟೇಜ್ ಹತ್ತೇ ಇಲ್ಲ, ಎಷ್ಟು ದುಡ್ಡು ಕೊಡ್ತೀವಿ ಅಂದ್ರೂ ಬರಲ್ಲ, ಆದ್ರೆ ಆಲ್ಬಂ ಮಾತ್ರ ಬಿಡದೇ ಬರ್ತಾನೇ ಇದೆ, ಈಗ ಅವೆಲ್ಲ ಹಳೇ ಹೆವಿ ಮೆಟಲ್ ಥರ ಇರುತ್ತೆ. ಊರಿನ ಸ್ಥಳೀಯ ಕೌನ್ಸಿಲ್ ಎಲೆಕ್ಷನ್ನಲ್ಲಿ ಅಲ್ಲಿನ ಲಿಬರಲ್ ಪಾರ್ಟಿಯವರು ಲಿಸ್ಟಿಗೆ ಹೆಸರು ಕಮ್ಮಿ ಇದೆ, ನಿಂದೂ ಸೇರಿಸ್ಲಾ ಅಂತ ಕೇಳಿದ್ರಂತೆ, ಸೇರ್ಸಿ ಅಂದನಂತೆ. ಅವನ ಪ್ರಚಾರದ ಫೋಟೋ ಏನು ಗೊತ್ತಾ, ಕೈಯಲ್ಲಿ ಬೆಕ್ಕು ಹಿಡ್ಕೊಂಡು, ದಯವಿಟ್ಟು ನಂಗೆ ವೋಟ್ ಹಾಕ್ಬೇಡಿ ಅಂತ. ಬೆಕ್ಕಿನ ಹೆಸರು ಪೀನಟ್ ಬಟರ್. ಜನ ವೋಟ್ ಹಾಕಿ ಬದಲಿ ಸದಸ್ಯ ಮಾಡೇ ಬಿಟ್ರು, ಪಾಪ ಮೀಟಿಂಗಿಗೆ ಹೋಗಿ ಕೂರೋ ಹಂಗಾಯ್ತು. ನಮ್ಮ ಪಂಚಾಯ್ತಿ ಎಲೆಕ್ಷನ್ನಲ್ಲಿ ಕೈ ಮುಗಿದು ಕಾಲಿಗೆ ಬೀಳೋರು ಇದನ್ನ ಟ್ರೈ ಮಾಡ್ಬೋದು.

ಹೊಸಬರು ಯಾರಾದ್ರೂ ಕೇಳೋ ಮನಸ್ಸಿದ್ರೆ ಫೋನ್ ಸ್ಪೀಕರಲ್ಲಿ ದಯವಿಟ್ಟು ಬೇಡ, ಆ ರಾಗ ಪೂರ್ತಿ ಕಳ್ದೋಗುತ್ತೆ. ಸಾಧಾರಣ ಹೆಡ್‌ಫೋನ್ ಸಾಕು, ವಾಲ್ಯೂಮ್ ಮಧ್ಯಮ, ಬೇಸ್ ಬೂಸ್ಟ್ ಆಫ್. ಡೌನ್‌ಲೋಡ್ ಮಾಡ್ಕೊಂಡಿರಿ, ನಮ್ಮ ಕಡೆ ನೆಟ್‌ವರ್ಕ್ ನಂಬಿ ಕೂತ್ರೆ ಮೂರನೇ ನಿಮಿಷಕ್ಕೆ ಗೋವಿಂದ.

ಕನ್ನಡದಲ್ಲಿ ಇಂಥದ್ದು ಇಲ್ವಾ ಅಂತ ಕೇಳೋರಿಗೆ, ಇದೇ ಥರದ್ದು ಅಂತ ಅಲ್ಲ, ಆದ್ರೆ ಬೆಂಗಳೂರಿನ ದ್ವೇಷ ಅನ್ನೋ ಡೆತ್ ಮೆಟಲ್ ಬ್ಯಾಂಡು ಕನ್ನಡದಲ್ಲೇ ಹಾಡಿದೆ, 2014ರಲ್ಲಿ ಸ್ತೂಪ ಅಂತ ಆಲ್ಬಂ ತಂದ್ರು, ಅದರಲ್ಲಿ ಹೊಯ್ ಸಳ ಅಂತ ಒಂದು ಹಾಡೇ ಇದೆ. ಆ ಸಳ ಹುಲಿ ಹೊಡೆದ ಕಥೆ ನಡೆದಿದ್ದು ಅಂತ ಹೇಳೋ ಅಂಗಡಿ ಅನ್ನೋ ಊರು ನಮ್ಮ ತಾಲೂಕಲ್ಲೇ ಇರೋದು, ಬೆಂಗಳೂರಿನವರು ಹಾಡು ಮಾಡಿದ್ದಾರೆ, ನಾವು ಇನ್ನೂ ಕೇಳ್ತಾ ಕೂತಿದ್ದೀವಿ. ಹಾಸನ ಚಿಕ್ಕಮಗಳೂರು ಕಡೆ ಯಾರ ಅಟ್ಟದ ಮೇಲಾದ್ರೂ ಹಳೇ ಫೋರ್ ಟ್ರ್ಯಾಕ್ ಮಿಷನ್ ಬಿದ್ದಿದ್ರೆ ಒಂದು ಮೆಸೇಜ್ ಹಾಕಿ. ಗಿಟಾರ್ ನನ್ನ ಹತ್ರ ಇದೆ, ಡ್ರಮ್ಸ್ ಬಾರಿಸೋನು ಆಲೂರಲ್ಲಿ ಒಬ್ಬ ಇದ್ದಾನೆ, ಮಳೆಗಾಲದಲ್ಲಿ ಪಲ್ಪರ್ ಮನೆ ಹೆಂಗೂ ಖಾಲಿ, ಎಷ್ಟೊತ್ತಿಗೆ ಕಿರುಚಿದ್ರೂ ಬಂದು ಕೇಳೋರು ಯಾರೂ ಇಲ್ಲ. ಕರೆಂಟ್ ಇದ್ದ ದಿನ ಶುರು ಮಾಡೋಣ.